ಬುಡುಬುಡಿಕೆ ಅಂಕಣ

ಹೆಸ್ಟರ್ ಲಸ್ಕಂಬ್‌ಗೆ ಲಂಡನ್ನಿನ ಕಪ್ ಒಂದು ಸಲ ಬೇಕಿತ್ತು. ಎರಡು ಸಲ ಬೇಡ, ಒಂದೇ ಸಲ ಸಾಕು. ಬಾಯಿಬಿಟ್ಟು ಯಾರ ಹತ್ತಿರವೂ ಹೇಳಿಕೊಂಡವಳಲ್ಲ. ಆದರೂ ಟೆನ್‌ಕೂಂಬ್ ಊರಿನಲ್ಲಿ ಅದು ಗೊತ್ತಿಲ್ಲದವರು ಯಾರೂ ಇರಲಿಲ್ಲ. ಮೀನು ಮಾರುವವಳಿಗೂ ಗೊತ್ತಿತ್ತು, ಪಾದ್ರಿಗೂ ಗೊತ್ತಿತ್ತು.

ಅವಳಿಗೆ ಆಗ ನಲವತ್ತೊಂದು. ಇಪ್ಪತ್ತೈದನೆಯ ವಯಸ್ಸಿನಲ್ಲಿ, ಅತ್ತಿಗೆ ತೀರಿಕೊಂಡ ಮೇಲೆ ಡಾಕ್ಟರ್ ಅಣ್ಣನ ಮನೆ ನೋಡಿಕೊಳ್ಳಲು ಈ ಊರಿಗೆ ಬಂದವಳು. ಬಂದ ಮೊದಲ ಚಳಿಗಾಲದಲ್ಲೇ ಊರಿನ ಸ್ವಯಂಸೇವಕ ಪಡೆಯ ಕವಾಯತು ಹಾಲಿಗೆ ಜಾಮ್ ಸೀಸೆಗಳನ್ನು ಕೊಡಲು ಹೋಗಿದ್ದಳು, ಯಾವುದೋ ಧರ್ಮಾರ್ಥ ಮಾರಾಟಕ್ಕೆ. ಅಲ್ಲಿ ಕರ್ನಲ್ ಬ್ರಿಮಕಂಬ್ ಶಟಲ್ ಆಟಕ್ಕೆ ಮೂರು ಜನರನ್ನು ಕಟ್ಟಿಕೊಂಡು ನಾಲ್ಕನೆಯವರಿಗಾಗಿ ಪರದಾಡುತ್ತಿದ್ದರು. ಪುಣೆಯ ದಂಡಿನಲ್ಲಿ ಇಪ್ಪತ್ತು ವರ್ಷ ಇದ್ದು ಬಂದ ಮನುಷ್ಯ. ಬರುವಾಗ ಎಲ್ಲರೂ ಹುಲಿಯ ಚರ್ಮ ತಂದರೆ ಇವರು ಒಂದು ಪೆಟ್ಟಿಗೆ ಬ್ಯಾಟು, ಒಂದು ಪೆಟ್ಟಿಗೆ ಶಟಲ್ ತಂದಿದ್ದರು. "ಜಾಮ್ ಆ ಕಡೆ ಇಡಮ್ಮ, ಇದನ್ನ ಹಿಡ್ಕೋ" ಎಂದು ಅವಳ ಕೈಗೆ ಬ್ಯಾಟು ಕೊಟ್ಟರು. ಅಷ್ಟೇ, ಮುಗಿಯಿತು. ಹದಿನಾರು ವರ್ಷ ಅದು ಅವಳ ಕೈ ಬಿಡಲಿಲ್ಲ.

ಎರಡನೆಯ ವರ್ಷಕ್ಕೇ ಊರಿನ ಹೆಂಗಸರನ್ನೆಲ್ಲ ಸೋಲಿಸಿದಳು. ಐದನೆಯ ವರ್ಷಕ್ಕೆ ಊರಿನ ಗಂಡಸರಲ್ಲಿ ಅರ್ಧ ಜನ ಅವಳ ಎದುರು ಆಡಬೇಕೆಂದರೆ ತಲೆನೋವು, ನೆಗಡಿ ಎಂದು ನೆಪ ಹೇಳತೊಡಗಿದರು. ಡೆವನ್ ಜಿಲ್ಲೆಯ ಪಂದ್ಯವನ್ನು ಎಂಟು ಸಲ ಗೆದ್ದಳು. ಆದರೆ ಲಂಡನ್ನಿನಲ್ಲಿ ದೊಡ್ಡ ಪಂದ್ಯಾವಳಿ ಶುರುವಾದ ಮೇಲೆ ಈ ಎಂಟು ಕಪ್ಪುಗಳೂ ಅವಳ ಕಣ್ಣಿಗೆ ಚಹಾ ಲೋಟಗಳಂತೆ ಕಾಣತೊಡಗಿದವು. ಎರಡು ವರ್ಷ ಹೋದಳು, ಎರಡು ವರ್ಷವೂ ಸೆಮಿಫೈನಲ್ಲಿನಲ್ಲಿ ಸೋತಳು. ಒಂದು ಸಲವಂತೂ ಸರಿಯಾದ ಹೊತ್ತಿಗೆ ಟೋಪಿ ಜಾರಿ ಕಣ್ಣಿನ ಮೇಲೆ ಕೂತಿತು. ತಲೆಗೆ ಆರು ಪಿನ್ನು ಚುಚ್ಚಿಕೊಂಡಿದ್ದರೂ!

ಮೂರನೆಯ ವರ್ಷ ಕೊನೆಯದು ಎಂದು ಅವಳಿಗೆ ಗೊತ್ತಿತ್ತು. ಬಲಮೊಣಕಾಲು ಮೆಟ್ಟಿಲು ಇಳಿಯುವಾಗ ಕಟಕಟ ಎನ್ನುತ್ತಿತ್ತು. ಅದಕ್ಕಿಂತ ದೊಡ್ಡ ಸಂಗತಿ, ಅಣ್ಣ ಆಂಬ್ರೋಸ್ ಜೂನ್ ತಿಂಗಳಿನಲ್ಲಿ ಮತ್ತೆ ಮದುವೆಯಾಗುವವನಿದ್ದ. ಮನೆಗೆ ಯಜಮಾನಿ ಬಂದ ಮೇಲೆ ತಂಗಿಗೆ ಏನು ಕೆಲಸ? ಬಾತ್ ಊರಿನಲ್ಲಿ ಒಬ್ಬಳು ದೊಡ್ಡಮ್ಮ ಇದ್ದಳು; ಜೊತೆಗೆ ಇರಲು, ಪತ್ರ ಓದಿ ಹೇಳಲು, ನಾಯಿಯನ್ನು ತಿರುಗಾಡಿಸಲು ಅವಳಿಗೊಬ್ಬರು ಬೇಕಾಗಿತ್ತು. ಹೆಂಗಸರು ಓಡುವುದನ್ನು ಕಂಡರೆ ದೊಡ್ಡಮ್ಮನಿಗೆ ಎದೆನೋವು ಬರುತ್ತಿತ್ತಂತೆ. ಅಂದರೆ ಮಾರ್ಚ್ ತಿಂಗಳ ಲಂಡನ್ ಪಂದ್ಯ ಬಿಟ್ಟರೆ ಮುಂದೆ ಏನೂ ಇರಲಿಲ್ಲ.

ಅಷ್ಟರಲ್ಲಿ ಲಂಡನ್ನಿನ ಶಟಲ್ ಸಂಘದವರ ಕಾಗದ ಬಂತು.

ಅಲ್ಲಿಯವರೆಗೆ ಆಟದ ಅಂಕಣಕ್ಕೆ ಸೊಂಟ ಇತ್ತು. ಹಿಂದೆ ಅಗಲ, ನೆಟ್ಟಿನ ಹತ್ತಿರ ಕಿರಿದು, ಮತ್ತೆ ಆ ಕಡೆ ಅಗಲ, ಥೇಟ್ ಬುಡುಬುಡಿಕೆ. ಟೆನ್‌ಕೂಂಬಿನ ಹಾಲಿನಲ್ಲಿ ಇದು ಬಹಳ ಅನುಕೂಲ. ಎರಡು ಪಕ್ಕದ ಗೋಡೆಗಳ ನಡುಮಧ್ಯದಲ್ಲಿ ಒಂದೊಂದು ಬಾಗಿಲು, ಎರಡೂ ಒಳಗೆ ತೆರೆಯುವಂಥವು. ಒಂದರಿಂದ ಚಹಾ ಬರುತ್ತಿತ್ತು. ಇನ್ನೊಂದು ಬಂದೂಕಿನ ಕೋಣೆಯದು. ಅದನ್ನು ಮುಚ್ಚಕೂಡದು, ಅದರ ಮುಂದೆ ಏನನ್ನೂ ಇಡಕೂಡದು ಎಂದು ಪಡೆಯ ಆಜ್ಞೆ. ಅಂಕಣದ ಸೊಂಟ ಸಣ್ಣಗಿದ್ದುದರಿಂದ ಆಟದ ನಡುವೆ ಬಾಗಿಲು ತೆರೆದರೂ ಯಾರ ಮೂಗಿಗೂ ಬಡಿಯುತ್ತಿರಲಿಲ್ಲ.

ಇನ್ನು ಮುಂದೆ ಅಂಕಣ ನೇರವಾಗಿರಬೇಕು, ಈ ತುದಿಯಿಂದ ಆ ತುದಿಗೆ ಒಂದೇ ಅಗಲ ಎಂದು ಕಾಗದ ಹೇಳಿತು. ಕರ್ನಲ್ ಅದನ್ನು ಊರಿನ ಕ್ಲಬ್ಬಿನ ಸಮಿತಿಯ ಮುಂದೆ ಒಂದು ಸಲ ಓದಿದರು. ಆಮೇಲೆ ಮಡಚಿ ಚಹಾದ ಕೆಟಲಿನ ಕೆಳಗೆ ಇಟ್ಟರು, ಮೇಜಿಗೆ ಬಿಸಿ ತಾಗದಿರಲಿ ಎಂದು.

"ಪುಣೇಲಿ ಹೀಗೇ ಆಡಿದ್ವಿ, ಇಲ್ಲೂ ಹೀಗೇ ಆಡ್ತೀವಿ" ಎಂದರು. "ಲಂಡನ್ನಿನವರಿಗೆ ಗೆರೆ ಎಳೆಯೋಕೆ ಬರಲ್ಲ, ಅದಕ್ಕೆ ನೇರ ಮಾಡಿದಾರೆ."

"ಲಂಡನ್ನಿಗೆ ಹೋಗಿ ಆಡೋಳು ನಾನು ಕರ್ನಲ್. ಅಲ್ಲಿ ನೇರ ಅಂಕಣದಲ್ಲೇ ಆಡಬೇಕು" ಎಂದಳು ಹೆಸ್ಟರ್.

"ಆಡು. ಬೇಡ ಅಂದೋರು ಯಾರು? ಬುಡುಬುಡಿಕೆಯಲ್ಲಿ ಆಡಿದೋಳಿಗೆ ಪೆಟ್ಟಿಗೆಯಲ್ಲಿ ಆಡೋದು ಏನು ಮಹಾ!"

"ನೆಟ್ಟು ಕಟ್ಟೋ ಪ್ರತಿ ಪೋಸ್ಟಿನ ಪಕ್ಕದಲ್ಲೂ ಮುಕ್ಕೋಣದ ಒಂದೊಂದು ತುಂಡು ಜಾಸ್ತಿ ಆಗತ್ತೆ. ಹದಿನಾರು ವರ್ಷ ಅಲ್ಲಿ ಬಿದ್ದಿದ್ದನ್ನೆಲ್ಲ 'ಹೊರಗೆ' ಅಂತ ಬಿಟ್ಟಿದೀನಿ. ನನ್ನ ಕಾಲು ಆ ಕಡೆ ಹೋಗೋದೇ ಇಲ್ಲ."

"ಕಾಲಿಗೆ ಹೇಳು" ಎಂದರು ಕರ್ನಲ್. ಜಪ್ಪಯ್ಯ ಅಂದರೂ ಅಲುಗುವ ಆಸಾಮಿಯಲ್ಲ. ಹೆಸ್ಟರ್ ಒಂದು ದಿನ ಬೆಳಿಗ್ಗೆ ಹಾಲಿಗೆ ಹೋಗಿ ತಾನೇ ಸುಣ್ಣದಿಂದ ನೇರ ಗೆರೆ ಎಳೆದಳು. ಮಧ್ಯಾಹ್ನದ ಹೊತ್ತಿಗೆ ಹಾಲು ನೋಡಿಕೊಳ್ಳುವ ಸಾರ್ಜೆಂಟ್ ಯೋ ಅದನ್ನು ಒರೆಸಿದ್ದ.

"ನನ್ನನ್ನ ಬೈಬೇಡಿ ಅಮ್ಮಾವ್ರೆ" ಎಂದ ಅವನು, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡೇ. "ಕರ್ನಲ್ ಹೇಳಿದ್ರು, ಒರೆಸಿದೆ. ಬಾಗಿಲು ಬೇರೆ ಆ ಗೆರೆ ಮೇಲೇ ಬರತ್ತೆ. ಬಾಗಿಲು ಹೊರಗೆ ತೆರೆಯೋ ಹಾಗೆ ಮಾಡ್ಬೇಕಂದ್ರೆ ಪಡೆಯ ಮೇಲಿನೋರಿಗೆ ಅರ್ಜಿ ಹಾಕ್ಬೇಕು. ಅರ್ಜಿ ಬರೆಯೋರು ಕರ್ನಲ್ಲೇ ತಾನೇ?"

ಹೆಸ್ಟರ್‌ಗೆ ಎಷ್ಟು ಸಿಟ್ಟು ಬಂತೆಂದರೆ ಅವತ್ತು ಸಂಜೆ ಅಣ್ಣನ ಸೂಪಿಗೆ ಉಪ್ಪು ಎರಡು ಸಲ ಬಿತ್ತು.

ಮಾರನೆಯ ದಿನದಿಂದ ಅವಳು ಕಡಲ ದಂಡೆಗೆ ಹೋಗತೊಡಗಿದಳು. ನೀರು ಇಳಿದಾಗ ಒದ್ದೆ ಮರಳು ಹಾಲಿನ ನೆಲದಷ್ಟೇ ಗಟ್ಟಿ. ಕೊಡೆಯ ತುದಿಯಿಂದ ನೇರ ಅಂಕಣ ಗೀಚುವಳು, ನೆಟ್ಟಿನ ಬದಲು ಒಂದು ಗೆರೆ. ಗಾಳಿಗೆ ಶಟಲ್ ನಿಲ್ಲುವುದಿಲ್ಲ, ಆದ್ದರಿಂದ ಶಟಲ್ ಇಲ್ಲ. ಬರೀ ಓಟ. ನಡುವಿನಿಂದ ನೆಟ್ಟಿನ ಬಲಮೂಲೆಗೆ, ಮತ್ತೆ ನಡುವಿಗೆ, ಎಡಮೂಲೆಗೆ, ಮತ್ತೆ ನಡುವಿಗೆ. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹಾಗಿಲ್ಲ, ಊರು ನೋಡುತ್ತದೆ. ಮರಳು ಮೆತ್ತಿದ ಲಂಗ ಒಂದು ಮಣ ತೂಗುತ್ತಿತ್ತು.

ಚಿಪ್ಪು ಆರಿಸಲು ಬರುತ್ತಿದ್ದ ಮಿಸೆಸ್ ಚಗ್ ಮೂರು ದಿನ ಸುಮ್ಮನೆ ನೋಡಿದಳು. ನಾಲ್ಕನೆಯ ದಿನ ತಡೆಯಲಾಗಲಿಲ್ಲ.

"ಏನು ಮಿಸ್, ಏಡಿ ಹಿಡೀತಿದೀರಾ?"

"ಇಲ್ಲ ಕಣ್ರೀ, ಆಟ."

"ಯಾರ ಜೊತೆ?"

"ನನ್ನ ಕಾಲಿನ ಜೊತೆ."

"ಯಾರು ಗೆಲ್ತಿದಾರೆ?"

"ಕಾಲೇ" ಎಂದಳು ಹೆಸ್ಟರ್. ಮಿಸೆಸ್ ಚಗ್ ಬುಟ್ಟಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ದಿನವೂ ಒಂದು ಹತ್ತು ನಿಮಿಷ ನಿಂತು ಬಿಳಿ ಚಿಪ್ಪುಗಳನ್ನು ಆ ಮೂಲೆ ಈ ಮೂಲೆಗೆ ಎಸೆಯತೊಡಗಿದಳು, ಹೆಸ್ಟರ್ ಓಡಿ ಹೋಗಿ ಬ್ಯಾಟಿನಿಂದ ಮುಟ್ಟಬೇಕು. ಎಂಟು ವಾರ ಹೀಗೆ ನಡೆಯಿತು. ಏಳನೆಯ ವಾರದ ಹೊತ್ತಿಗೆ ಕಾಲು ಯಾರೂ ಹೇಳದೆಯೇ ಮೂಲೆಗೆ ಹೋಗತೊಡಗಿತು.

ಮಾರ್ಚ್‌ನಲ್ಲಿ ಲಂಡನ್ನಿಗೆ ಹೊರಟಾಗ ಕರ್ನಲ್ಲೂ ಜೊತೆಯಲ್ಲಿದ್ದರು. ಇಪ್ಪತ್ತು ವರ್ಷ ಈ ಆಟವನ್ನು ಊರಿಂದೂರಿಗೆ ಹೊತ್ತು ತಿರುಗಿದ ಅವರನ್ನು ಆ ವರ್ಷ ಮೊದಲ ಬಾರಿಗೆ ಅಂಪೈರ್ ಆಗಿ ಕರೆದಿದ್ದರು. ಹೊಸ ಕೋಟು ಹೊಲಿಸಿಕೊಂಡಿದ್ದರು. ರೈಲಿನಲ್ಲಿ ದಾರಿಯುದ್ದಕ್ಕೂ ಹೊಸ ನಿಯಮದ ಪುಸ್ತಕ ಓದುತ್ತಾ ಪ್ರತಿ ಪುಟಕ್ಕೂ ಮೂಗು ಮುರಿದರು. ಆದರೂ ಓದಿದರು. ಎದುರಿನ ಸೀಟಿನಲ್ಲಿ ಕೂತ ಹೆಸ್ಟರ್‌ಗೆ ಆ ಹೊಸ ಕೋಟು ನೋಡಿ ಸಿಟ್ಟೆಲ್ಲ ಇಳಿದುಹೋಯಿತು.

ಈ ಸಲ ಹೆಸ್ಟರ್ ಫೈನಲ್ ತಲುಪಿದಳು. ಅದಕ್ಕೆ ಅಂಪೈರ್ ಆಗಿ ಕರ್ನಲ್ ಬೇಕೆಂದು ಅವಳೇನೂ ಕೇಳಿರಲಿಲ್ಲ, ಅದು ತಾನಾಗಿ ಆದದ್ದು. ಆಗಬೇಕಿದ್ದವರಿಗೆ ಗಂಟಲು ಕಟ್ಟಿತ್ತು. ಒಂದೇ ಊರಿನವರಲ್ಲವೇ ಎಂದು ಯಾರೋ ಕೇಳಿದ್ದಕ್ಕೆ ಎದುರಾಳಿಯ ತಾಯಿಯೇ ನಕ್ಕಳು. "ನಿನ್ನೆ ಅವರು ತಮ್ಮ ಊರಿನೋಳಿಗೇ ಎರಡು ಸರ್ವ್ ಫಾಲ್ಟ್ ಕೊಟ್ರು. ಅವರೇ ಇರಲಿ" ಎಂದಳು.

ಎದುರಾಳಿ ಅರ್ಸುಲಾ ಚೆಟಲ್ ಎಂಬ ಹತ್ತೊಂಬತ್ತು ವರ್ಷದ ಹುಡುಗಿ, ಲಂಡನ್ನಿನ ಹೊರವಲಯದವಳು. ಬಾಣದಂತೆ ಹೊಡೆಯುತ್ತಿದ್ದಳು. ಮೊದಲ ಗೇಮ್ ಅವಳದು. ಎರಡನೆಯದು ಹೆಸ್ಟರ್‌ದು. ಮೂರನೆಯದರಲ್ಲಿ ಹುಡುಗಿ ಮತ್ತೆ ಮತ್ತೆ ಪೋಸ್ಟಿನ ಪಕ್ಕದ ಆ ಮುಕ್ಕೋಣಕ್ಕೇ ಇಳಿಬಿಟ್ಟಳು. ಹಳೆ ಅಂಕಣದವರ ಕಾಲು ಅಲ್ಲಿಗೆ ಬರುವುದಿಲ್ಲ ಎಂದು ಅವಳಿಗೆ ಯಾರೋ ಹೇಳಿಕೊಟ್ಟಿರಬೇಕು. ಪ್ರತಿ ಸಲವೂ ಹೆಸ್ಟರ್ ಅಲ್ಲಿದ್ದಳು. ಮೊಣಕಾಲು ಕಟಕಟ ಎನ್ನುತ್ತಿತ್ತು, ಎನ್ನಲಿ. ಮಿಸೆಸ್ ಚಗ್ ಎಸೆದ ಚಿಪ್ಪು ಎಂದುಕೊಂಡು ಓಡಿದಳು. ಹದಿನಾಲ್ಕು–ಹನ್ನೊಂದು ಆಯಿತು. ಸರ್ವ್ ಹೆಸ್ಟರ್ ಕೈಯಲ್ಲಿ; ಆಗೆಲ್ಲ ಸರ್ವ್ ಇದ್ದವರಿಗೆ ಮಾತ್ರ ಅಂಕ. ಇನ್ನೊಂದು ಅಂಕ, ಕಪ್ ಅವಳದು.

ಸರ್ವ್ ಮಾಡಿದಳು. ಹುಡುಗಿ ಹಿಂದಕ್ಕೆ ಎತ್ತಿದಳು, ಹೆಸ್ಟರ್ ಎತ್ತಿದಳು, ಹೀಗೇ ಒಂಬತ್ತು ಹತ್ತು ಸಲ. ಆಮೇಲೆ ಹುಡುಗಿ ಮೆಲ್ಲಗೆ, ಎಡಪೋಸ್ಟಿನ ಪಕ್ಕಕ್ಕೆ, ಒಂದು ಶಟಲ್ ಇಳಿಬಿಟ್ಟಳು.

ಹೆಸ್ಟರ್ ನೋಡುತ್ತ ನಿಂತಳು. ಎಂಟು ವಾರದ ಮರಳು ಎಲ್ಲಿ ಹೋಯಿತೋ! ಕೊನೆಯ ಅಂಕ ಎಂಬ ಆಸೆಯೋ ಹೆದರಿಕೆಯೋ, ಕಾಲಿಗೆ ಹದಿನಾರು ವರ್ಷದ ಬುದ್ಧಿ ಮರಳಿ ಬಂತು. "ಹೊರಗೆ" ಎಂದಿತು ಕಾಲು. ಶಟಲ್ ನೆಲ ಮುಟ್ಟಿತು. ಮುಟ್ಟಿದಾಗ ಅವಳ ಕಣ್ಣಿಗೆ ಗೆರೆ ಕಂಡಿತು. ಶಟಲ್ ಗೆರೆಯಿಂದ ಒಂದು ಗೇಣು ಒಳಗಿತ್ತು.

"ಔಟ್!" ಎಂದರು ಕರ್ನಲ್. "ಗೇಮ್. ಪಂದ್ಯ ಮಿಸ್ ಲಸ್ಕಂಬ್ ಅವರದು."

ಹೆಸ್ಟರ್ ಕರ್ನಲ್ಲರ ಕಡೆ ತಿರುಗಿದಳು. ಆ ಗೆರೆ ನೋಡಬೇಕಾದವರು ಅಂಪೈರ್ ಒಬ್ಬರೇ, ಪಕ್ಕದಲ್ಲಿ ಬೇರೆ ಯಾರೂ ಇರಲಿಲ್ಲ. ಕರ್ನಲ್ಲರ ಮುಖದಲ್ಲಿ ಮೋಸ ಎಳ್ಳಷ್ಟೂ ಇರಲಿಲ್ಲ. ಅವಳ ಕಾಲು ಮಾಡಿದ ತಪ್ಪನ್ನೇ ಅವರ ಕಣ್ಣು ಮಾಡಿತ್ತು. ಸುತ್ತಲೂ ಚಪ್ಪಾಳೆ. ಹುಡುಗಿ ಗೆರೆ ನೋಡಿದಳು, ಬಾಯಿ ತೆರೆದಳು, ತಾಯಿಯ ಕಡೆ ನೋಡಿ ಮತ್ತೆ ಮುಚ್ಚಿದಳು. ಅಂಪೈರ್ ಜೊತೆ ವಾದಿಸುವುದು ಮರ್ಯಾದಸ್ಥರ ಲಕ್ಷಣವಲ್ಲ.

ಇಂಥ ಹೊತ್ತಿಗೆಂದೇ ಆಟಗಾರರಲ್ಲಿ ಒಂದು ರೂಢಿ ಇತ್ತು. ಅಂಪೈರ್ ತಪ್ಪಿ ನಿನ್ನ ಕಡೆ ಕೊಟ್ಟರೆ ಮುಂದಿನ ಶಟಲನ್ನು ನೀನೇ ನೆಟ್ಟಿಗೆ ಹೊಡೆಯಬೇಕು. ಯಾರೂ ಏನೂ ಮಾತಾಡುವುದಿಲ್ಲ, ಎಲ್ಲರಿಗೂ ಅರ್ಥವಾಗುತ್ತದೆ, ಅಂಪೈರ್ ಮಾನವೂ ಉಳಿಯುತ್ತದೆ. ಹೆಸ್ಟರ್ ಎಷ್ಟೋ ಸಲ ಹಾಗೆ ಮಾಡಿದ್ದಳು. ಆದರೆ ಈಗ ಮುಂದಿನ ಶಟಲ್ ಎಲ್ಲಿಂದ ತರುವುದು? ಪಂದ್ಯ ಮುಗಿದಿತ್ತು.

ಸುಮ್ಮನಿದ್ದರೆ ಆಯಿತು. ಎಷ್ಟು ಆಸೆಯಿತ್ತು ಅವಳಿಗೆ! ಮೇಜಿನ ಮೇಲೆ ಕಪ್ ಇತ್ತು, ಹತ್ತು ಹೆಜ್ಜೆ ದೂರ. ಜೂನ್‌ನಲ್ಲಿ ಬಾತ್‌ಗೆ ಹೋಗಿ ನಾಯಿ ತಿರುಗಾಡಿಸುವಾಗ ನೆನೆಸಿಕೊಳ್ಳಲು ಅದೊಂದು ಇದ್ದರೆ ಸಾಕಿತ್ತು. ಇಲ್ಲವೇ "ಒಳಗೆ ಬಿತ್ತು" ಎಂದು ಹೇಳಬೇಕು, ನಾನೂರು ಜನರ ಮುಂದೆ, ಹೊಸ ಕೋಟು ಹಾಕಿಕೊಂಡ ಆ ಮುದುಕರಿಗೆ. ಹಳ್ಳಿಯಿಂದ ಬಂದ ಅಂಪೈರಿಗೆ ಹೊಸ ಗೆರೆ ಕಾಣುವುದಿಲ್ಲ ಎಂದು ಸಂಜೆಯೊಳಗೆ ಲಂಡನ್ನೆಲ್ಲ ಆಡಿಕೊಳ್ಳುತ್ತದೆ. ಕೈಗೆ ಬ್ಯಾಟು ಕೊಟ್ಟವರಿಗೆ ಹಾಗೆ ಮಾಡುವುದುಂಟೇ?

ಅವಳು ಕೈ ಎತ್ತಿದಳು.

"ಕ್ಷಮಿಸಬೇಕು ಸರ್" ಎಂದಳು. "ಶಟಲ್ ಬೀಳೋದಕ್ಕೆ ಮುಂಚೆ ನನ್ನ ಲಂಗ ನೆಟ್ಟಿಗೆ ತಾಗಿತು. ತಪ್ಪು ನಂದು."

ಚಪ್ಪಾಳೆ ನಿಂತಿತು. ಕರ್ನಲ್ ಅವಳನ್ನು ನೋಡಿದರು. ನೆಟ್ಟನ್ನು ನೋಡಿದರು, ಅದು ಅಲುಗಾಡದೆ ನಿಂತಿತ್ತು. ಅವಳ ಲಂಗವನ್ನು ನೋಡಿದರು. ಅದು ನೆಟ್ಟಿನಿಂದ ಒಂದು ಮಾರು ದೂರದಲ್ಲಿತ್ತು. ಕೊನೆಗೆ ಅವರ ಕಣ್ಣು ನಿಧಾನವಾಗಿ ಕೆಳಗಿಳಿದು, ಎಡಪೋಸ್ಟಿನ ಪಕ್ಕದಲ್ಲಿ ಇನ್ನೂ ಬಿದ್ದೇ ಇದ್ದ ಶಟಲ್ ಮೇಲೆ ನಿಂತಿತು. ಆದರೆ ತನ್ನ ತಪ್ಪನ್ನು ಆಟಗಾರಳೇ ಹೇಳಿಕೊಂಡ ಮೇಲೆ ಅಂಪೈರ್ ಅದನ್ನು ಒಪ್ಪಲೇಬೇಕು.

"ಫಾಲ್ಟ್" ಎಂದರು. ದನಿ ಅರ್ಧಕ್ಕೆ ಇಳಿದಿತ್ತು. "ಸರ್ವ್ ಮಿಸ್ ಚೆಟಲ್ ಅವರದು. ಹನ್ನೊಂದು–ಹದಿನಾಲ್ಕು."

ಆಮೇಲೆ ಹೆಸ್ಟರ್ ಸೋತಳು. ಬೇಕೆಂದು ಸೋಲಲಿಲ್ಲ, ಜೀವ ಬಿಟ್ಟು ಆಡಿದಳು. ಆದರೆ ಮೊಣಕಾಲಿನಲ್ಲಿ ಇದ್ದದ್ದೆಲ್ಲ ಖಾಲಿಯಾಗಿತ್ತು. ಹುಡುಗಿ ಒಂದೊಂದೇ ಅಂಕ ಕಿತ್ತುಕೊಂಡು ಹದಿನೈದು ಮುಟ್ಟಿದಳು.

ಚಹಾದ ಹೊತ್ತಿಗೆ ಅರ್ಸುಲಾ ಕಪ್ಪನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳ ಪಕ್ಕ ಬಂದು ನಿಂತಳು. "ನಿಮ್ಮ ಲಂಗ ನೆಟ್ಟಿಗೆ ತಾಗಿರ್ಲಿಲ್ಲ ಅಲ್ವಾ?" ಎಂದು ಪಿಸುಗುಟ್ಟಿದಳು.

"ತಾಗಿತ್ತು."

"ನಾನು ನೋಡಿದೆ, ಮಿಸ್ ಲಸ್ಕಂಬ್."

"ನೀನು ಚಿಕ್ಕೋಳು, ನಿನಗೇನು ಕಾಣತ್ತೆ? ಕೇಕ್ ತಿನ್ನು" ಎಂದಳು ಹೆಸ್ಟರ್. ಹುಡುಗಿಯ ಕಣ್ಣಲ್ಲಿ ನೀರು ಬಂತು. ಹೆಸ್ಟರ್‌ಗೂ ಬರುವ ಹಾಗಿತ್ತು, ಅದಕ್ಕೆ ಬೇಗ ಬೇಗ ಎರಡು ಸ್ಯಾಂಡ್‌ವಿಚ್ ತಿಂದಳು.

ಮಾರನೆಯ ದಿನ ವಾಪಸು ರೈಲಿನಲ್ಲಿ ಕರ್ನಲ್ ಟಾಂಟನ್ ಊರು ದಾಟುವವರೆಗೆ ನಿಯಮದ ಪುಸ್ತಕದ ಒಂದೇ ಪುಟ ತೆರೆದಿಟ್ಟುಕೊಂಡು ಕೂತಿದ್ದರು. ಹೆಸ್ಟರ್‌ಗೆ ತನ್ನ ಮೇಲೆ ಸಿಟ್ಟು, ಮೊಣಕಾಲಿನ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಈ ಮುದುಕರ ಮೇಲೆ. ಆ ಕಾಗದವನ್ನು ಕೆಟಲಿನ ಕೆಳಗೆ ಇಡದೆ ಗೆರೆ ಎಳೆದಿದ್ದರೆ ಅವಳ ಕಾಲೂ ತಪ್ಪುತ್ತಿರಲಿಲ್ಲ, ಇವರ ಕಣ್ಣೂ ತಪ್ಪುತ್ತಿರಲಿಲ್ಲ. ಒಂದು ಸಲ ಚಿವುಟಿಬಿಡೋಣ ಎನಿಸಿತು, ನಿಜವಾಗಿ.

"ಹೆಸ್ಟರ್, ನೆಟ್ಟು ಅಲುಗಾಡಲಿಲ್ಲ" ಎಂದರು ಕರ್ನಲ್, ಕಿಟಕಿಯಿಂದ ಹೊರಗೆ ನೋಡುತ್ತಾ.

"ನೀವು ನೆಟ್ಟು ನೋಡ್ತಾ ಇರ್ಲಿಲ್ಲ ಬಿಡಿ."

"ನಿಜ. ಗೆರೆ ನೋಡ್ತಾ ಇದ್ದೆ."

"ಯಾವ ಗೆರೆ ಕರ್ನಲ್?"

ಎಕ್ಸಿಟರ್‌ನಲ್ಲಿ ರೈಲು ಬದಲಾಯಿಸುವಾಗ ಕರ್ನಲ್ ಅವಳ ಚೀಲವನ್ನು ತಾವೇ ಹೊತ್ತರು. ಎಂದೂ ಹೊತ್ತವರಲ್ಲ.

ಆಮೇಲೆ ಏಪ್ರಿಲ್ ಇಡೀ ಕರ್ನಲ್ ಹಾಲಿನ ಕಡೆ ತಲೆ ಹಾಕಲಿಲ್ಲ. ಚರ್ಚಿನಲ್ಲಿ ಸಿಕ್ಕರೆ ಟೋಪಿ ಎತ್ತಿ ಹೋಗಿಬಿಡುತ್ತಿದ್ದರು. ಮುನಿಸಿಕೊಂಡಿದ್ದಾರೆ ಎಂದುಕೊಂಡಳು ಹೆಸ್ಟರ್. ಕಪ್ಪೂ ಹೋಯಿತು, ಮುದುಕರೂ ಹೋದರು ಎಂದು ಒಂದು ಸಂಜೆ ಟ್ರಂಕಿಗೆ ಬಟ್ಟೆ ತುಂಬುತ್ತಾ ಚೆನ್ನಾಗಿ ಅತ್ತಳು. ಬ್ಯಾಟನ್ನು ಟ್ರಂಕಿನ ತಳಕ್ಕೆ ಹಾಕಿ ಮೇಲೆ ಉಣ್ಣೆಯ ಲಂಗಗಳನ್ನು ಹೇರಿದಳು.

ಮೇ ತಿಂಗಳ ಎರಡನೆಯ ವಾರ ಸಾರ್ಜೆಂಟ್ ಯೋ ಮನೆ ಬಾಗಿಲಿಗೆ ಬಂದ. ಮೀಸೆಯ ಮೇಲೆ ಮರದ ಹೊಟ್ಟು.

"ಕರ್ನಲ್ ಕರೀತಾರೆ ಅಮ್ಮಾವ್ರೆ. ಬ್ಯಾಟು ತರಬೇಕಂತೆ."

"ಟ್ರಂಕಿನ ತಳದಲ್ಲಿದೆ."

"ಹಾಗಾದ್ರೆ ತಳದಿಂದ ತೆಗೀಬೇಕಂತೆ" ಎಂದ ಸಾರ್ಜೆಂಟ್.

ಹಾಲಿನ ಎರಡೂ ಬಾಗಿಲುಗಳನ್ನು ಕಿತ್ತು, ಹೊರಗೆ ತೆರೆಯುವ ಹಾಗೆ ತಿರುಗಿಸಿ ಕೂರಿಸಿದ್ದರು. ಹೊಸ ಕೀಲು, ಚೌಕಟ್ಟಿಗೆ ಹೊಸ ಮರ. ಅರ್ಜಿಯನ್ನು ಕರ್ನಲ್ ಮೂರು ಸಲ ಬರೆದಿದ್ದರಂತೆ, ಎರಡು ಸಲ ತಿರಸ್ಕಾರವಾಗಿ ಬಂತಂತೆ, ಮೂರನೆಯ ಸಲ ತಾವೇ ಎಕ್ಸಿಟರ್‌ಗೆ ಹೋಗಿ ಅಧಿಕಾರಿಯ ಮುಂದೆ ಕೂತರಂತೆ. ಸಾರ್ಜೆಂಟ್ ಹೇಳಿದ್ದು ಇಷ್ಟು. ನೆಲದ ಮೇಲೆ ಹಳೆಯ ಬುಡುಬುಡಿಕೆಯ ಗುರುತೂ ಇರಲಿಲ್ಲ. ಈ ತುದಿಯಿಂದ ಆ ತುದಿಗೆ ಬೆಳ್ಳಗೆ, ನೇರವಾಗಿ ಹೊಸ ಗೆರೆ ಎಳೆದಿತ್ತು.

ಕರ್ನಲ್ ನೆಟ್ಟಿನ ಆ ಕಡೆ ನಿಂತಿದ್ದರು, ಲಂಡನ್ನಿಗೆ ಹಾಕಿಕೊಂಡಿದ್ದ ಅದೇ ಹೊಸ ಕೋಟಿನಲ್ಲಿ.

"ಬಾ, ನಿಂತ್ಕೋ" ಎಂದರು.

"ಕರ್ನಲ್, ನಾನು ಇನ್ನು ಮೂರು ವಾರಕ್ಕೆ..."

"ಗೊತ್ತು. ನಿಂತ್ಕೋ ಅಂದೆ."

ನಿಂತಳು. ಇಬ್ಬರೂ ಒಂದಷ್ಟು ಹೊತ್ತು ಸುಮ್ಮನೆ ಶಟಲನ್ನು ಆಚೆ ಈಚೆ ಎತ್ತಿದರು. ಎಪ್ಪತ್ತರ ಮುದುಕರಿಗೆ ಉಸಿರು ಹತ್ತುತ್ತಿತ್ತು, ಇವಳ ಮೊಣಕಾಲು ಕಟಕಟ ಎನ್ನುತ್ತಿತ್ತು. ಆಮೇಲೆ ಕರ್ನಲ್ ಕೈ ಸಡಿಲಿಸಿ, ಮೆಲ್ಲಗೆ, ಅವಳ ಎಡಪೋಸ್ಟಿನ ಪಕ್ಕದ ಮುಕ್ಕೋಣಕ್ಕೆ ಇಳಿಬಿಟ್ಟರು. ಹೆಸ್ಟರ್‌ಗೆ ಅದು ಬರುತ್ತಿರುವುದು ಕಾಣಿಸಿತು. ಈ ಸಲ ಕಾಲು ತಾನಾಗಿಯೇ ಹೊರಟಿತ್ತು, ಅವಳೇ ತಡೆದು ನಿಲ್ಲಿಸಿದಳು. ಶಟಲ್ ನೆಲ ಮುಟ್ಟಿತು. ಗೆರೆಯಿಂದ ಒಂದು ಗೇಣು ಈಚೆಗೆ.

"ಒಳಗೆ!" ಎಂದು ಕೂಗಿದರು ಕರ್ನಲ್. ಇಬ್ಬರೇ ಇದ್ದ ಹಾಲಿಗೆ ಅಷ್ಟು ಜೋರು ಬೇಕಿರಲಿಲ್ಲ. "ಒಳಗೆ ಬಿತ್ತು ಹೆಸ್ಟರ್. ಒಳಗೇ ಬಿದ್ದಿತ್ತು."

"ಹೌದು ಕರ್ನಲ್" ಎಂದಳು ಅವಳು. ಬಗ್ಗಿ ಶಟಲ್ ಎತ್ತಿಕೊಂಡಳು, ಗರಿಗಳನ್ನು ಬೆರಳಿನಿಂದ ನೇರ ಮಾಡಿ ಅವರ ಕಡೆಗೆ ದಾಟಿಸಿದಳು. "ಸರ್ವ್ ನಿಮ್ಮದು."